ಆಂಪ್ಲಿಫೈಯರಿನ ಎರಡನೆಯ ಸ್ವಿಚ್ಚು: ಒಂದು ಅಧ್ಯಯನ

ವಾಲ್ವ್ ಹಾಕಿದ ಗಿಟಾರ್ ಆಂಪ್ಲಿಫೈಯರನ್ನು ಹೊತ್ತಿಸುವ ಕ್ರಮದ ಬಗ್ಗೆ ಲೋಕದಲ್ಲಿ ಮತಭೇದವಿದೆ. ಪವರ್ ಮತ್ತು ಸ್ಟ್ಯಾಂಡ್‌ಬೈ ಎಂಬ ಎರಡು ಸ್ವಿಚ್ಚುಗಳೂ ಸತ್ಯ, ಅವುಗಳ ನಡುವಿನ ಭೇದ ಎಂದೆಂದಿಗೂ ಅಳಿಯದು ಎನ್ನುವವರು ದ್ವೈತಿಗಳು. ಪವರ್ ಒಂದೇ ಸತ್ಯ, ಸ್ಟ್ಯಾಂಡ್‌ಬೈ ಬರೀ ಮಾಯೆ ಎನ್ನುವವರು ಅದ್ವೈತಿಗಳು. ಸ್ಟ್ಯಾಂಡ್‌ಬೈ ಇದೆ, ಆದರೆ ಅದು ಕಾಫಿಗೆ ಎದ್ದುಹೋಗುವಾಗ ಮಾತ್ರ ಎನ್ನುವ ವಿಶಿಷ್ಟಾದ್ವೈತಿಗಳೂ ಉಂಟು. ಇವರೆಲ್ಲ ಬೇಸ್ ಗಿಟಾರ್ ನುಡಿಸುವವರೆಂದು ನಮ್ಮ ಕ್ಷೇತ್ರಕಾರ್ಯದಿಂದ ತಿಳಿದುಬಂದಿದೆ (ಮಾತಾಡಿಸಿದವರ ಸಂಖ್ಯೆ: 1).

ಮೊದಲು ವಸ್ತುವಿವೇಚನೆ. 1904ರಲ್ಲಿ ಫ್ಲೆಮಿಂಗ್ ಕಂಡುಹಿಡಿದ ವಾಲ್ವ್ ಎಂಬ ಗಾಜಿನ ಬುರುಡೆಯೊಳಗೆ ಎರಡೇ ವಿದ್ಯುದ್ವಾರಗಳಿದ್ದವು; ಒಂದೆರಡು ವರ್ಷದಲ್ಲೇ ಲೀ ಡಿ ಫಾರೆಸ್ಟ್ ಮೂರನೆಯದನ್ನು ತೂರಿಸಿದ. ನಮ್ಮ ಆಂಪ್ಲಿಫೈಯರಿನ ವಾಲ್ವಿನಲ್ಲಾದರೆ ನಡುವೆ ಒಂದು ಸಣ್ಣ ನಿಕಲ್ ಕೊಳವೆ. ಅದರ ಮೈಗೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡುಗಳ ಲೇಪ. ಒಳಗಿನ ಹೀಟರಿಗೆ 6.3 ವೋಲ್ಟ್ ಕೊಟ್ಟರೆ ಕೊಳವೆ ಕೆಂಡವಾಗಿ ಎಲೆಕ್ಟ್ರಾನುಗಳನ್ನು ಉಗುಳುತ್ತದೆ. ಸುತ್ತಲಿನ ತಗಡಿಗೆ ನಾನೂರು ವೋಲ್ಟ್ ಸುಮಾರಿನಲ್ಲಿ ಕೊಟ್ಟರೆ ಅವು ಅತ್ತ ಓಡುತ್ತವೆ. ಪವರ್ ಸ್ವಿಚ್ಚು 6.3 ವೋಲ್ಟಿನದು, ಸ್ಟ್ಯಾಂಡ್‌ಬೈ ಆ ನಾನೂರರದು. ಅಂದರೆ ಒಂದು ಕಾವಲಿ ಕಾಯಿಸುತ್ತದೆ, ಇನ್ನೊಂದು ಹಿಟ್ಟು ಹುಯ್ಯುತ್ತದೆ.

ಇಲ್ಲಿಂದ ದ್ವೈತಿಗಳ ಪೂರ್ವಪಕ್ಷ. ಕಾಯದ ಕಾವಲಿಗೆ ಹಿಟ್ಟು ಹುಯ್ದರೆ ದೋಸೆ ಎದ್ದೀತೆ? ತಣ್ಣಗಿರುವ ಕೊಳವೆಯ ಮೇಲೆ ನಾನೂರು ವೋಲ್ಟ್ ಎರಗಿದರೆ ಲೇಪವೇ ಕಿತ್ತುಬರುವುದಿಲ್ಲವೆ? ಆದ್ದರಿಂದ ಎರಡು ನಿಮಿಷ ಕಾಯತಕ್ಕದ್ದು. ಕೆಲವರು ಐದು ಎನ್ನುತ್ತಾರೆ. ಗಡಿಯಾರ ನೋಡದೆ, ಹಳೆಯ ದೂಳು ಸುಡುವ ವಾಸನೆ ಮೂಗಿಗೆ ಬಡಿಯುವ ತನಕ ಕಾಯುವವರೂ ಇದ್ದಾರೆ, ಇದು ಘ್ರಾಣಪ್ರಮಾಣ.

ಸಿದ್ಧಾಂತವೇನೆಂದರೆ, ಲೇಪ ಕಿತ್ತುಬರುವುದು ಸಾವಿರಾರು ವೋಲ್ಟಿನ ಪ್ರಸಾರ ಕೇಂದ್ರದ ದೈತ್ಯ ವಾಲ್ವುಗಳ ಕಾಯಿಲೆ. ನಮ್ಮ ಆಂಪ್ಲಿಫೈಯರಿನ ಇಎಲ್34 ವಾಲ್ವಿಗೆ ಅದು ತಗಲುವುದಿಲ್ಲ. ತಗಲುವುದು ಅದರ ತದ್ವಿರುದ್ಧ ರೋಗ. ಕೊಳವೆ ಕಾದಿದ್ದು ಕರೆಂಟು ಮಾತ್ರ ಹರಿಯದೆ ಗಂಟೆಗಟ್ಟಲೆ ಕೂತರೆ ನಿಕಲ್ಲಿಗೂ ಲೇಪಕ್ಕೂ ನಡುವೆ ಒಂದು ಅಡ್ಡಿಪದರ ಬೆಳೆಯುತ್ತದೆ. ಎಂಐಟಿಯ ವರ್ಲ್‌ವಿಂಡ್ ಕಂಪ್ಯೂಟರಿನವರು ಇದನ್ನು ಬೆನ್ನುಹತ್ತಿ, ನಿಕಲ್ಲಿನಲ್ಲಿದ್ದ ಸಿಲಿಕಾನೇ ಕಳ್ಳ ಎಂದು ಹಿಡಿದರು. ಎಂಜಿನಿಯರುಗಳು ಇದಕ್ಕೆ ಇಟ್ಟ ಹೆಸರು ನಿದ್ರಾರೋಗ. ಊಟ ಮುಗಿಸಿ ಬರುತ್ತೇನೆಂದು ಸ್ಟ್ಯಾಂಡ್‌ಬೈನಲ್ಲಿಟ್ಟು ಹೋಗುವ ಭಕ್ತನು ಬರೀ ಕಾವಲಿಯನ್ನು ಉರಿಯ ಮೇಲೆ ಬಿಟ್ಟು ಹೋಗುತ್ತಿದ್ದಾನೆ.

ಹಾಗಾದರೆ ಈ ಸ್ವಿಚ್ಚು ಎಲ್ಲೆಡೆ ಹಬ್ಬಿದ್ದು ಹೇಗೆ? ಇದು ಗ್ರಂಥಸಂಪಾದನೆಯ ಪ್ರಶ್ನೆ. ಫೆಂಡರ್ ಕಂಪನಿಯ ಆಂಪ್ಲಿಫೈಯರುಗಳಲ್ಲಿ ಪುಟ್ಟ ಚಾಂಪ್‌ಗೆ ಸ್ಟ್ಯಾಂಡ್‌ಬೈ ಇಲ್ಲ, ದೊಡ್ಡ ಬಾಸ್‌ಮನ್‌ಗೆ ಇದೆ. 1962ರಲ್ಲಿ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್, ಕೆನ್ ಬ್ರಾನ್ ಮತ್ತು ಡಡ್ಲಿ ಕ್ರೇವನ್‌ರೊಡನೆ ಸೇರಿ ಜೆಟಿಎಂ45 ಆಂಪ್ಲಿಫೈಯರ್ ಕಟ್ಟಿದಾಗ ಎದುರಿಗಿದ್ದ ಮೂಲಪ್ರತಿ ಆ ಬಾಸ್‌ಮನ್. ಸರ್ಕ್ಯೂಟಿನ ಜತೆ ಸ್ವಿಚ್ಚೂ ಬಂತು. ಮೂಲದಲ್ಲಿ ಹುಳ ತಿಂದ ತೂತನ್ನೂ ಅಕ್ಷರವೆಂದು ಬಗೆದು ಬರೆದಿಡುವ ಲಿಪಿಕಾರರನ್ನು ಓಲೆಗರಿ ಓದಿದವರೆಲ್ಲ ಬಲ್ಲರು.

ಇನ್ನು ಹೊತ್ತಿಸುವ ಗೊಡವೆಯೇ ಬೇಡವೆಂದ ಮಹಾನುಭಾವ ಟಾಮಿ ಫ್ಲವರ್ಸ್. ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿಗೆ 1944ರಲ್ಲಿ ಬಂದ ಅವನ ಗೂಢಲಿಪಿ ಬಿಡಿಸುವ ಕೊಲೋಸಸ್ ಯಂತ್ರದಲ್ಲಿ ಸುಮಾರು 1,600 ವಾಲ್ವುಗಳು. ದಿನಕ್ಕೊಂದು ಸಾಯುತ್ತಿದ್ದರೆ ಲೆಕ್ಕ ಮಾಡುವುದು ಯಾವಾಗ ಎಂದು ಬಲ್ಲವರು ಮೂಗು ಮುರಿದಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪಳಗಿದ ಫ್ಲವರ್ಸ್‌ಗೆ ಗೊತ್ತಿತ್ತು: ವಾಲ್ವು ಸಾಯುವುದು ಉರಿದು ಉರಿದಲ್ಲ, ಹೊತ್ತಿಸಿ ಆರಿಸಿ. ಅದಕ್ಕೇ ಆರಿಸಬೇಡಿ ಎಂದ. ಈ ಸಿದ್ಧಾಂತವನ್ನು ನಮ್ಮ ಮನೆಯಲ್ಲಿ ಮಂಡಿಸಿದಾಗ, ಕರೆಂಟ್ ಬಿಲ್ಲು ಕಟ್ಟುವವರು ಚಾರ್ವಾಕರೆಂದು ತಿಳಿಯಿತು.

ನಡುವೆ ಒಂದು ಸ್ಥಳೀಯ ಟಿಪ್ಪಣಿ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ 1961ರಿಂದ ರೇಡಿಯೊ ವಾಲ್ವುಗಳನ್ನು ಮಾಡಿತು, ಇಎಲ್84 ಸಹಿತ. ಬೀಟಲ್ಸ್ ತಂಡ ನುಡಿಸಿದ ವಾಕ್ಸ್ ಎಸಿ30 ಆಂಪ್ಲಿಫೈಯರಿನೊಳಗೆ ನಾಲ್ಕು ಇಎಲ್84 ಇರುತ್ತವೆ. ಇದರಿಂದ ಬೀಟಲ್ಸರ ನಾದದ ಮೂಲ ಯಶವಂತಪುರದ ಆಚೆಗಿದೆ ಎಂದು ಪ್ರತಿಪಾದಿಸುವ ಆಸೆ ತೀವ್ರವಾಗಿದೆ. ಆಧಾರ ಮಾತ್ರ ಸಹಕರಿಸುತ್ತಿಲ್ಲ.

ನಿಜವಾದ ಮೃತ್ಯುಕಾರಣಗಳು ನೀರಸವಾಗಿರುವುದರಿಂದ ಅವುಗಳ ಸುತ್ತ ಮತ ಕಟ್ಟಲಾಗದು. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳು ಒಣಗುತ್ತವೆ. ಪ್ಲಗ್ ಕಿತ್ತ ಮೇಲೂ ಅವು ಜೀವ ತೆಗೆಯುವಷ್ಟು ವೋಲ್ಟನ್ನು ಹಿಡಿದಿಟ್ಟಿರಬಲ್ಲವು, ಒಳಗೆ ಕೈ ಹಾಕುವ ಪಂಡಿತರು ಗಮನಿಸಬೇಕು. ಬುರುಡೆಯ ನೆತ್ತಿಯ ಬೆಳ್ಳಿ ಹೊಳಪು ಹಾಲಿನಂತೆ ಬೆಳ್ಳಗಾದರೆ ಗಾಳಿ ಹೊಕ್ಕಿತೆಂದರ್ಥ. ತಲೆ ನರೆತ ವಾಲ್ವಿಗೆ ಮದ್ದಿಲ್ಲ. ಎಲ್ಲಕ್ಕಿಂತ ಘೋರವಾದದ್ದು ಸ್ಪೀಕರ್ ಸಿಕ್ಕಿಸದೆ ನುಡಿಸುವುದು. ಹೋಗಲು ದಾರಿ ಕಾಣದ ಶಕ್ತಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲೇ ತಿರುಗಿಬಿದ್ದು ಅದರ ಸುರುಳಿಯನ್ನು ಸುಡುತ್ತದೆ.

ಅದ್ವೈತವನ್ನು ಪ್ರತ್ಯಕ್ಷವಾಗಿ ಸ್ಥಾಪಿಸಲೆಂದು ಕಳೆದ ಭಾನುವಾರ ಒಬ್ಬ ಕಟ್ಟಾ ದ್ವೈತಿ ಗೆಳೆಯನನ್ನು ಮನೆಗೆ ಕರೆದೆ. ಎರಡೂ ಸ್ವಿಚ್ಚನ್ನು ಒಟ್ಟಿಗೆ ಒತ್ತುವುದು, ಏನೂ ಆಗದಿರುವುದು, ಅವನು ಸೋಲೊಪ್ಪುವುದು ಎಂಬುದು ಯೋಜನೆ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ದಾಕ್ಷಿಣ್ಯಕ್ಕೆ ಪವರ್ ಒಂದನ್ನೇ ಹಾಕಿದೆ. ಜಾಲರಿಯ ಹಿಂದೆ ಕಿತ್ತಳೆ ಬಣ್ಣ ಮೆಲ್ಲಗೆ ಮೂಡಿತು. ಮಾಡಲು ಬೇರೆ ಕೆಲಸವಿಲ್ಲದೆ ಇಬ್ಬರೂ ನೆಲ ನೋಡುತ್ತ ಕೂತೆವು. ಸುಮಾರು ಒಂದೂವರೆ ನಿಮಿಷಕ್ಕೆ, ಚಾಪೆಯ ಮೇಲೆ ಹಾವಿನಂತೆ ಮಲಗಿದ್ದ ಸ್ಪೀಕರ್ ವೈರು ನನ್ನ ಕಣ್ಣಿಗೆ ಬಿತ್ತು.

ಅವನು ನೋಡುವ ಮೊದಲೇ ಅದನ್ನು ಕಾಲಿನಿಂದ ಆಂಪ್ಲಿಫೈಯರಿನ ಹಿಂದಕ್ಕೆ ಸರಿಸಿ ಸಿಕ್ಕಿಸಿದ್ದೇನೆ. ಈ ದತ್ತಾಂಶವನ್ನು ಪ್ರಬಂಧದ ವ್ಯಾಪ್ತಿಯಿಂದ ಕೈಬಿಡಲಾಗಿದೆ.