ಕಂಬಗಳ ತಪಸ್ಸು

ಜಯನಗರದ ಉದ್ಯಾನದ ಕಲ್ಲುಬೆಂಚಿನ ಮೇಲೆ ನಶ್ಯವನ್ನೇರಿಸುತ್ತ ರಾಯರು ನುಡಿದರು:

“ಶಾಸ್ತ್ರಿಗಳೇ, 2017ರಲ್ಲಿ ಆರಂಭಗೊಂಡು 2019ರೊಳಗೆ ಸಮಾಪ್ತವಾಗಬೇಕಾಗಿದ್ದ ಈಜಿಪುರದ ಮೇಲ್ಸೇತುವೆಯನ್ನು ಅರ್ಧದಲ್ಲಿಯೇ ತ್ಯಜಿಸಿ, ಸುಮಾರು 2.5 ಕಿಲೋಮೀಟರಿನುದ್ದಕ್ಕೂ ಕಂಬಗಳನ್ನು ಬಿಸಿಲು ಮಳೆಗಳಲ್ಲಿ ತಪಸ್ಸಿಗೆ ನಿಲ್ಲಿಸಿದ ಗುತ್ತಿಗೆದಾರನಿಗೆ ಪಾಲಿಕೆಯು ವಿಧಿಸಿದ ದಂಡನೆಯಾದರೂ ಏನು?”

“2022ರ ಮಾರ್ಚ್ ತಿಂಗಳಲ್ಲಿ ಗುತ್ತಿಗೆಯನ್ನೇ ರದ್ದುಪಡಿಸಿತು, ರಾಯರೇ.”

“ಅಂದರೆ, ಕೆಲಸ ಮಾಡದವನಿಗೆ ‘ಇನ್ನು ಮೇಲೆ ನೀನು ಕೆಲಸ ಮಾಡಕೂಡದು’ ಎಂಬ ಘೋರ ಶಿಕ್ಷೆ!”

“ಅದಕ್ಕೆ ಮುನ್ನ ನೋಟೀಸು ಕೊಟ್ಟಿದ್ದರಲ್ಲ!”

“ಆಹಾ! ಅಡುಗೆಮನೆಗೆ ಟೈಲ್ಸು ಹಾಸುವೆನೆಂದು ಮುಂಗಡ ಪಡೆದು ಅಂತರ್ಧಾನನಾದ ನಮ್ಮ ಮೇಸ್ತ್ರಿಗೂ ನಾನೊಂದು ನೋಟೀಸು ಬರೆದಿಟ್ಟಿದ್ದೇನೆ, ವಿಳಾಸವೊಂದೇ ಬಾಕಿ. ಇರಲಿ, ಆ ಕಂಬಗಳ ಗತಿ?”

“2023ರಲ್ಲಿ ಬೇರೊಬ್ಬರಿಗೆ ಗುತ್ತಿಗೆ ಕೊಟ್ಟರು.”