ಮನೆ ಡಾಕ್ಟರು ಬೇಕಾಗಿದ್ದಾರೆ

"ತಾಲ್ಲೂಕು ಪೇಟೇಲಿ ಡಾಕ್ಟರಿಗೇನು ಬರ, ರಾಯರೇ? ಬಸ್‌ಸ್ಟ್ಯಾಂಡಿನ ಗೋಡೆ ನೋಡಿ!" ಗೋಡೆಯ ಮೇಲಿದ್ದಾರೆ, ಸ್ವಾಮಿ. ಮೊಣಕಾಲಿನವರು ಎರಡನೇ ಶನಿವಾರ. ಹೃದಯದವರು ಕೊನೇ ಭಾನುವಾರ, ಹತ್ತರಿಂದ ಒಂದು, ಮೆಡಿಕಲ್ ಶಾಪಿನ ಹಿಂದಿನ ಕೋಣೆಯಲ್ಲಿ. ಎದೆನೋವು ಕ್ಯಾಲೆಂಡರ್ ನೋಡಿಕೊಂಡು ಬರಬೇಕು. ಅಂಗಾಂಗಕ್ಕೊಬ್ಬರು ಸಿಕ್ಕಾರು, ಅಪ್ಪನ ಸಕ್ಕರೆ, ಮಗನ ಉಬ್ಬಸ ಎರಡನ್ನೂ ಬಲ್ಲವರೊಬ್ಬರಿಲ್ಲ.

"ಹೊಸ ಡಾಕ್ಟರಿಗೆ ಒಂದು ವರ್ಷದ ಕಡ್ಡಾಯ ಸೇವೆ ಅಂತ ಸರ್ಕಾರ 2012ರ ಕಾಯ್ದೆ ಮಾಡಿತಲ್ಲ?" ಮಾಡಿತು. ವರ್ಷದಲ್ಲಿ ಊರಿನ ದಾರಿ ಗೊತ್ತಾದೀತು, ಊರಿನ ಕೆಮ್ಮು ಗೊತ್ತಾಗದು. ಅಷ್ಟರಲ್ಲಿ ಪಿಜಿ ಸೀಟಿನ ಚಿಂತೆ. "ಹಾಗಾದ್ರೆ ತಜ್ಞರೇ ಬೇಡ್ವೇ?" ಬೇಕು, ಯಾವ ತಜ್ಞರ ಹತ್ತಿರ ಹೋಗಬೇಕು, ಹೋಗಲೇಬೇಕೇ ಎಂದು ಹೇಳುವುದಕ್ಕಾದರೂ ಒಬ್ಬರಿರಲಿ. ಸದ್ಯಕ್ಕೆ ಆ ಕೆಲಸ ಮೆಡಿಕಲ್ ಶಾಪಿನ ಹುಡುಗನದು. ಪಾಪ, ಫೀಸೂ ಕೇಳುವುದಿಲ್ಲ.