ಹೋಗುವ ಕೋಚಿಗೂ ದಕ್ಷಿಣೆ

ಕನೆಟಿಕಟ್‌ನಲ್ಲಿ ನಮ್ಮ ಮಗಳ ಮನೆಗೂ ಪಕ್ಕದ ಮನೆಗೂ ನಡುವೆ ಬೇಲಿ ಅಂತ ಇರೋದು ಮೊಣಕಾಲೆತ್ತರದ ಒಂದು ಗಿಡದ ಸಾಲು. ಆ ಕಡೆ ನಿಂತವರ ಲುಂಗಿಯ ಅಂಚಿನ ಬಣ್ಣವೂ ಕಾಣುತ್ತದೆ. ಲುಂಗಿ ಎಲ್ಲಿಂದ ಬಂತು ಅಂದರೆ, ಪಕ್ಕದ ಮನೆಯವರು ತುಮಕೂರು ಕಡೆಯ ರಾಯರು. ನಲವತ್ತು ವರ್ಷದ ಹಿಂದೆ ಬಂದು, ಹಾರ್ಟ್‌ಫರ್ಡ್‌ನ ಇನ್ಶೂರೆನ್ಸ್ ಕಂಪನಿಯಲ್ಲಿ ಯಾರು ಯಾವಾಗ ಸಾಯ್ತಾರೆ ಅಂತ ಲೆಕ್ಕ ಹಾಕುತ್ತಾ ರಿಟೈರ್ ಆದವರು. ನಾನು ಮೈಸೂರಿನಲ್ಲಿ ಬ್ಯಾಂಕ್ ಮ್ಯಾನೇಜರನಾಗಿ ಯಾವ ಸಾಲ ಯಾವಾಗ ಸಾಯುತ್ತೆ ಅಂತ ಕಾಯುತ್ತಾ ರಿಟೈರ್ ಆದವನು. ಮಾತು ಕುದುರದೆ ಇರುತ್ತದೆಯೇ?

ಮೊನ್ನೆ ನಾನು ಕುಂಡದಲ್ಲಿ ಮೆಂತ್ಯ ಉದುರಿಸುತ್ತಿದ್ದಾಗ ರಾಯರು ಕಾಫಿ ಲೋಟ ಹಿಡಿದು ಬಂದರು. ಲುಂಗಿಯ ಮೇಲೆ ನಾಯಿ ಮುಖದ ನೀಲಿ ಟೀ ಶರ್ಟು. ಅದು ಯುಕಾನ್, ಅಂದರೆ ಇಲ್ಲಿನ ಸರ್ಕಾರಿ ಯೂನಿವರ್ಸಿಟಿಯ ಹಸ್ಕಿ ನಾಯಿ. ರಾಯರ ಇಬ್ಬರು ಮಕ್ಕಳೂ ಅಲ್ಲೇ ಓದಿದ್ದು. ಸ್ಟೋರ್ಸ್ ಅನ್ನೋ ಹಳ್ಳಿಯಲ್ಲಿ 1881ರಲ್ಲಿ ಕೃಷಿ ಶಾಲೆಯಾಗಿ ಶುರುವಾದ ಕಾಲೇಜು. ಈಗಲೂ ಕ್ಯಾಂಪಸ್ಸಿನಲ್ಲಿ ಹಸು ಕಟ್ಟಿದ್ದಾರೆ, ಡೇರಿ ಬಾರ್ ಅಂತ ಇಟ್ಟುಕೊಂಡು ಐಸ್‌ಕ್ರೀಂ ಮಾರುತ್ತಾರೆ. ಹೋದ ಭಾನುವಾರ ನಾನೂ ಕ್ಯೂ ನಿಂತು ತಿಂದು ಬಂದೆ. ಚೆನ್ನಾಗಿತ್ತು.

"ಯುಕಾನ್ ಫುಟ್‌ಬಾಲ್‌ಗೆ ಹೊಸ ಕೋಚ್ ಬಂದಿದಾನೆ ಸ್ವಾಮಿ. ಹೆಸರು ಕ್ಯಾಂಡಲ್" ಅಂದರು ರಾಯರು.

"ಮೇಣದಬತ್ತಿನಾ?"

"ಹೂಂ. ಎಷ್ಟು ದಿನ ಉರೀತಾನೋ ನೋಡೋಣ."

ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆ ಆಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡೋದು, ಉಳಿದವರು ಅವನ ಮೇಲೆ ಬೀಳೋದು. ಆಟ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಅದರ ಲೆಡ್ಜರ್ ಅರ್ಥವಾಯಿತು. ರಾಯರು ಒಂದೊಂದೇ ಪುಟ ತಿರುವಿ ಹಾಕಿದಾಗ, ನನ್ನ ಮೂವತ್ತೈದು ವರ್ಷದ ಸರ್ವಿಸ್ಸಿನಲ್ಲಿ ಇಂಥ ಪಾರ್ಟಿ ಕೌಂಟರ್ ಮುಂದೆ ಬಂದಿರಲಿಲ್ಲವಲ್ಲ ಅನ್ನಿಸಿತು.

"1999ರಲ್ಲಿ ರ‍್ಯಾಂಡಿ ಎಡ್ಸಲ್ ಅಂತ ಬಂದ. ಒಳ್ಳೆಯವನೇ ಸ್ವಾಮಿ. ಸಣ್ಣ ದರ್ಜೆಯಲ್ಲಿದ್ದ ಟೀಮನ್ನ ದೊಡ್ಡ ದರ್ಜೆಗೆ ಎತ್ತಿದ. ಟೀಮನ್ನ ನಂಬಿ ಸರ್ಕಾರ ಈಸ್ಟ್ ಹಾರ್ಟ್‌ಫರ್ಡ್‌ನಲ್ಲಿ 40,000 ಜನ ಕೂರೋ ಸ್ಟೇಡಿಯಂ ಕಟ್ಟಿತು, 2003ರಲ್ಲಿ. ಅವತ್ತಿಂದ ನನ್ನ ಹತ್ರ ಸೀಸನ್ ಟಿಕೆಟ್ ಇದೆ."

"ಕಾಲೇಜು ಸ್ಟೋರ್ಸ್‌ನಲ್ಲಿ, ಸ್ಟೇಡಿಯಂ ಈಸ್ಟ್ ಹಾರ್ಟ್‌ಫರ್ಡ್‌ನಲ್ಲಾ?"

"ಇಪ್ಪತ್ತು ಮೈಲಿಗೂ ಜಾಸ್ತಿ. ಹುಡುಗರು ಬಸ್ ಹತ್ತಿ ಬರಬೇಕು."

ಮದುವೆ ಮನೆ ಒಂದೂರಲ್ಲಿ, ಅಡುಗೆ ಮನೆ ಇನ್ನೊಂದೂರಲ್ಲಿ. ಊಟಕ್ಕೆ ಎಷ್ಟು ಜನ ಬಂದಾರು ಅಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

2011ರ ಜನವರಿ 1ಕ್ಕೆ ಯುಕಾನ್ ಅರಿಜೋನಾದಲ್ಲಿ ಫಿಯೆಸ್ಟಾ ಬೌಲ್ ಆಡಿತಂತೆ. ಅದು ಆ ಟೀಮಿನ ಬಾಳಿನಲ್ಲೇ ದೊಡ್ಡ ಪಂದ್ಯ. ಆದರೆ ದೊಡ್ಡ ಪಂದ್ಯಕ್ಕೆ ಹೋಗೋದೂ ಒಂದು ಖರ್ಚಿನ ಬಾಬ್ತು. ಕಾಲೇಜು 17,500 ಟಿಕೆಟ್ಟುಗಳ ಹೊಣೆ ಹೊರಬೇಕಾಗಿತ್ತು. ಅದರಲ್ಲಿ ಬಹುಪಾಲು ಮಾರಾಟವಾಗದೆ ಕಾಲೇಜಿನ ತಲೆಗೇ ಬಿದ್ದವು. ಪಂದ್ಯ 48–20ರಲ್ಲಿ ಸೋತರು. ಸೋತ ಮೇಲೆ ಹುಡುಗರು ವಿಮಾನ ಹತ್ತಿ ಮನೆಗೆ ಬಂದರೆ, ಕೋಚ್ ಬರಲಿಲ್ಲ. ಅವನು ಬೇರೆ ವಿಮಾನದಲ್ಲಿ ಮೇರಿಲ್ಯಾಂಡ್‌ನ ಕೆಲಸಕ್ಕೆ ಹೋಗಿದ್ದ. ಹುಡುಗರಿಗೆ ಸುದ್ದಿ ಮುಟ್ಟಿದ್ದು ಫೋನಿನಲ್ಲಿ.

"ಹೇಳದೆ ಕೇಳದೆ ಹೋದನೇ?"

"ಹೇಳದೆ ಕೇಳದೆ! ಅವತ್ತು ನಾನು ಈ ಟೀ ಶರ್ಟು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ ಕಣ್ರೀ."

ಆಮೇಲೆ ಪ್ಯಾಸ್ಕ್ವಲೋನಿ ಅಂತ ಬಂದ. 2013ರಲ್ಲಿ ಮೊದಲ ನಾಲ್ಕು ಪಂದ್ಯವೂ ಸೋತಾಗ ಕಳಿಸಿದರು. ಆಮೇಲೆ ಬಂದವನು ಬಾಬ್ ಡಿಯಾಕೋ. ಈತನ ಕಥೆಗೆ ರಾಯರು ಕಾಫಿ ಲೋಟ ಕೆಳಗಿಟ್ಟು ಎರಡೂ ಕೈ ಖಾಲಿ ಮಾಡಿಕೊಂಡರು.

ಡಿಯಾಕೋಗೆ ಅನ್ನಿಸಿತಂತೆ, ನಮಗೊಬ್ಬ ಬದ್ಧವೈರಿ ಬೇಕು ಅಂತ. ವೈರಿ ಇದ್ದರೆ ತಾನೇ ಜನ ಬರೋದು. ಸರಿ, ಫ್ಲಾರಿಡಾದ ಯುಸಿಎಫ್ ಅನ್ನೋ ಕಾಲೇಜನ್ನ ಆರಿಸಿಕೊಂಡ. 2015ರಲ್ಲಿ ತಾನೇ ಒಂದು ಟ್ರೋಫಿ ಮಾಡಿಸಿ, ಎರಡೂ ರಾಜ್ಯದ ಅಕ್ಷರ ಸೇರಿಸಿ 'ಸಿವಿಲ್ ಕಾನ್‌ಫ್ಲಿಕ್ಟ್' ಅಂತ ನಾಮಕರಣವನ್ನೂ ಮಾಡಿದ. ಯುಸಿಎಫ್‌ನವರನ್ನ ಮಾತ್ರ ಕೇಳಿರಲಿಲ್ಲ! ಅವರು ನಮಗೂ ಇದಕ್ಕೂ ಸಂಬಂಧವಿಲ್ಲ ಅಂದುಬಿಟ್ಟರು. ಮೊದಲ ವರ್ಷ ಯುಕಾನ್ ಗೆದ್ದು ತನ್ನ ಟ್ರೋಫಿಯನ್ನ ತಾನೇ ತಗೊಂಡಿತು. ಮಾರನೇ ವರ್ಷ ಯುಸಿಎಫ್ ಇಲ್ಲಿಗೆ ಬಂದು ಗೆದ್ದು, ಟ್ರೋಫಿಯನ್ನ ಮೈದಾನದ ಅಂಚಿನಲ್ಲೇ ಬಿಟ್ಟು ಬಸ್ ಹತ್ತಿತು.

"ಕಣ್ಣಾರೆ ನೋಡಿದೀನಿ ಸ್ವಾಮಿ. ಬೀಗರು ತಾಂಬೂಲ ಬಿಟ್ಟು ಎದ್ದು ಹೋದ ಹಾಗೆ ಅದೊಂದೇ ನಿಂತಿತ್ತು."

ನನಗೆ ನಗು ತಡೆಯಲಾಗಲಿಲ್ಲ. ರಾಯರಿಗೆ ಬೇಜಾರಾಯಿತೋ ಏನೋ, ಲೋಟ ಮತ್ತೆ ಕೈಗೆತ್ತಿಕೊಂಡರು.

ಆ ಡಿಸೆಂಬರಿನಲ್ಲೇ ಡಿಯಾಕೋನನ್ನ ತೆಗೆದರು. ನಮ್ಮ ಕಡೆ ಕೆಲಸದಿಂದ ತೆಗೆದರೆ ಲೆಕ್ಕ ಚುಕ್ತಾ ಮಾಡಿ ಕಳಿಸುತ್ತಾರೆ. ಇಲ್ಲಿ ತೆಗೆಯುವವರೇ ದುಡ್ಡು ಎಣಿಸಬೇಕು, ಕರಾರಿನಲ್ಲಿ ಹಾಗೆ ಬರೆದಿರುತ್ತೆ. ಬೈಔಟ್ ಅಂತಾರೆ. ನಾನದಕ್ಕೆ 'ಹೋಗುವ ದಕ್ಷಿಣೆ' ಅಂತ ಹೆಸರಿಟ್ಟೆ, ರಾಯರಿಗೆ ಅದು ಹಿಡಿಸಿತು. ಡಿಯಾಕೋನ ದಕ್ಷಿಣೆ ವರ್ಷ ಮುಗಿಯೋದರೊಳಗೆ ಕಳಿಸಿದರೆ 50 ಲಕ್ಷ ಡಾಲರ್, ಹೊಸ ವರ್ಷ ಹುಟ್ಟಿದ ಮೇಲಾದರೆ 34 ಲಕ್ಷ. ಅದಕ್ಕೇ ಕ್ರಿಸ್‌ಮಸ್ ಮಾರನೇ ದಿನ ತೆಗೆದಿದ್ದೇವೆ ಅಂತ ಹೇಳಿ, ಜನವರಿ 2ರಿಂದ ಜಾರಿ ಅಂದರು. ಮುಹೂರ್ತ ನೋಡಿ ಮದುವೆ ಮಾಡೋದು ಗೊತ್ತಿತ್ತು, ಮುಹೂರ್ತ ನೋಡಿ ಬಿಡುಗಡೆ ಮಾಡೋದನ್ನ ಇಲ್ಲೇ ಕೇಳಿದ್ದು. 34 ಲಕ್ಷ ಡಾಲರ್ ಅಂದರೆ ಮೂವತ್ತು ಕೋಟಿ ರೂಪಾಯಿ ಹತ್ತಿರ. ಒಬ್ಬ ಮನುಷ್ಯ ಕೆಲಸ ಮಾಡದೇ ಇರಲಿ ಅಂತ ಕೊಟ್ಟಿದ್ದು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

"ಇಷ್ಟು ಕೊಟ್ಟ ಮೇಲೆ ಹೊಸಬನಿಗೆ ದುಡ್ಡೆಲ್ಲಿತ್ತು ರಾಯರೇ?"

"ಅಲ್ಲೇ ಇರೋದು ಮಜ. ಕಡಿಮೆ ಸಂಬಳಕ್ಕೆ ಯಾರು ಬಂದರು ಹೇಳಿ ನೋಡೋಣ?"

ನಾನು ತಲೆ ಅಲ್ಲಾಡಿಸಿದೆ.

"ಎಡ್ಸಲ್ಲೇ!"

ಫೋನಿನಲ್ಲಿ ಬಿಟ್ಟುಹೋದ ಅದೇ ಆಸಾಮಿ. ಮೇರಿಲ್ಯಾಂಡಿನವರು ಕೈಬಿಟ್ಟಿದ್ದರು, ಯುಕಾನ್‌ಗೂ ಗತಿ ಇರಲಿಲ್ಲ. ವರ್ಷಕ್ಕೆ 10 ಲಕ್ಷ ಡಾಲರ್ ಆಸುಪಾಸಿಗೆ ಒಪ್ಪಿದ. ಬರುವಾಗ ಮಗನನ್ನೂ ಕೋಚಿಂಗ್ ಕೆಲಸಕ್ಕೆ ಕರೆತಂದ, ಅದಕ್ಕೆ ರಾಜ್ಯದ ನೀತಿ ಸಂಹಿತೆಯ ಕಚೇರಿ ತಕರಾರು ತೆಗೆಯಿತು. ಆದರೆ ರಾಯರ ಹೊಟ್ಟೆ ಉರಿಸಿದ್ದು ಮಗನ ವಿಷಯವಲ್ಲ, ಕರಾರಿನ ಬೋನಸ್ಸು. ಸಂಬಳ ಕಡಿಮೆಯಲ್ಲವೇ, ಅದಕ್ಕೆ ಚಿಲ್ಲರೆ ಚಿಲ್ಲರೆಯಾಗಿ ಸೇರಿಸಿದ್ದರು. ಪಂದ್ಯದಲ್ಲಿ ಮೊದಲ ಅಂಕ ನಮ್ಮವರು ಹೊಡೆದರೆ ಕೋಚಿಗೆ 2,000 ಡಾಲರ್. ಆಮೇಲೆ ಟೀಮು ನೆಲ ಕಚ್ಚಿದರೂ ಸರಿ.

2018ರಲ್ಲಿ ಹನ್ನೆರಡು ಪಂದ್ಯದಲ್ಲಿ ಹನ್ನೊಂದು ಸೋತರು. ಎದುರಾಳಿಗಳಿಗೆ ಬಿಟ್ಟುಕೊಟ್ಟ ಅಂಕ ಸರಾಸರಿ ಪಂದ್ಯಕ್ಕೆ 50. ರಾಯರು ಆ ವರ್ಷವಿಡೀ ಸ್ಟೇಡಿಯಂನಲ್ಲಿ ಕೂತು, ಮೊದಲ ಅಂಕ ಬಿದ್ದ ಕೂಡಲೇ "ಬಂತು ಎರಡು ಸಾವಿರ" ಅಂತ ಕೂಗಿ, ಥರ್ಮಾಸ್ ತೆಗೆದು ಕಾಫಿ ಕುಡಿದು, ಅರ್ಧಕ್ಕೇ ಮನೆಗೆ ಬರುತ್ತಿದ್ದರಂತೆ. ಟಿಕೆಟ್ ಯಾಕೆ ಬಿಡಲಿಲ್ಲ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಆ ಹೊತ್ತಿಗೆ ಕ್ರೀಡಾ ವಿಭಾಗದ ಕೊರತೆ ವರ್ಷಕ್ಕೆ 4 ಕೋಟಿ ಡಾಲರ್ ದಾಟಿತ್ತು. ತುಂಬಿಕೊಟ್ಟಿದ್ದು ಯೂನಿವರ್ಸಿಟಿಯ ಖಜಾನೆ, ವಿದ್ಯಾರ್ಥಿಗಳ ಫೀಸು. ನಮ್ಮಲ್ಲಾಗಿದ್ದರೆ ಎನ್‌ಪಿಎ ಅಂತ ಕೆಂಪು ಶಾಯಿ ಬಿದ್ದು, ಮೇಲಿನಿಂದ ಮೆಮೋ ಬರುತ್ತಿತ್ತು.

"ಮುಚ್ಚಿಬಿಡಬಾರದೇ ಅತ್ಲಾಗೆ?" ಅಂದೆ. ಬಾಯಿ ತಪ್ಪಿ ಬಂದ ಮಾತು.

"ಏನ್ ಸ್ವಾಮಿ ಹೀಗಂತೀರಿ! ಬ್ಯಾಸ್ಕೆಟ್‌ಬಾಲ್ ನೋಡಿ ನಮ್ದು. ಹೆಣ್ಣುಮಕ್ಕಳು 12 ಸಲ ರಾಷ್ಟ್ರ ಗೆದ್ದಿದಾರೆ, ಗಂಡುಹುಡುಗರು 6 ಸಲ. ಫುಟ್‌ಬಾಲ್ ಒಂದು ನೆಟ್ಟಗಾದರೆ ದೊಡ್ಡ ಲೀಗಿನವರು ನಮ್ಮನ್ನ ಸೇರಿಸ್ಕೋತಾರೆ, ಟಿವಿ ದುಡ್ಡು ಬರುತ್ತೆ."

ಇದು ಮಾತ್ರ ನನಗೆ ಚಿರಪರಿಚಿತ ರಾಗ. ಇನ್ನೊಂದು ಲೋನ್ ಕೊಡಿ ಸಾರ್, ಹಳೇದೂ ಸೇರಿಸಿ ತೀರಿಸ್ತೀನಿ. ಮೇಜಿನ ಈಚೆ ಕೂತು ಎಷ್ಟು ಸಲ ಕೇಳಿದ್ದೇನೋ.

ಆ ಬ್ಯಾಸ್ಕೆಟ್‌ಬಾಲಿನಲ್ಲೂ ದಕ್ಷಿಣೆ ತಪ್ಪಲಿಲ್ಲ. 2014ರಲ್ಲಿ ಕಪ್ ಗೆದ್ದುಕೊಟ್ಟ ಕೆವಿನ್ ಓಲಿಯನ್ನ 2018ರಲ್ಲಿ ತೆಗೆದು, ನಿಯಮ ಮುರಿದಿದ್ದಾನೆ, ಬಾಕಿ ಕೊಡಲ್ಲ ಅಂದರು. ಆತ ಪಂಚಾಯಿತಿಗೆ ಹೋದ. 2022ರಲ್ಲಿ ತೀರ್ಪು ಬಂದು 1 ಕೋಟಿ 10 ಲಕ್ಷ ಡಾಲರಿಗೂ ಮೇಲೆ ತೆರಬೇಕಾಯಿತು. ಬ್ಯಾಸ್ಕೆಟ್‌ಬಾಲಿಗೆ ಒಳ್ಳೆ ಲೀಗು ಬೇಕು ಅಂತ ಇದ್ದ ಲೀಗನ್ನ ಬಿಟ್ಟಿದ್ದಕ್ಕೆ ಬೇರೆ 1 ಕೋಟಿ 70 ಲಕ್ಷ. ಫುಟ್‌ಬಾಲು ಕೂಡುಕುಟುಂಬದಿಂದ ಬೇರೆಯಾದ ತಮ್ಮನ ಹಾಗೆ ಒಂಟಿಯಾಯಿತು. ಕೊರತೆ ತಗ್ಗಿಸಲು 2020ರಲ್ಲಿ ಹುಡುಗರ ಟೆನಿಸ್, ಈಜು, ಗುಡ್ಡಗಾಡು ಓಟ, ಹುಡುಗಿಯರ ದೋಣಿ ಸ್ಪರ್ಧೆ ಇವಕ್ಕೆ ಕತ್ತರಿ ಹಾಕಿದರು. ದೋಣಿಯ ಹುಡುಗಿಯರು ಕೋರ್ಟಿಗೆ ಹೋಗಿ ತಮ್ಮದನ್ನ ಉಳಿಸಿಕೊಂಡರು. ಓಡುವ ಹುಡುಗರದ್ದು ಉಳಿಯಲಿಲ್ಲ. ಓಡೋಕೆ ಒಂದು ಜೊತೆ ಶೂ ಸಾಕಲ್ಲ ರಾಯರೇ ಅಂದೆ. ಅವರೂ ಸುಮ್ಮನಾದರು.

ಎಡ್ಸಲ್ 2021ರ ಸೆಪ್ಟೆಂಬರಿನಲ್ಲಿ ಹೋಲಿ ಕ್ರಾಸ್ ಅನ್ನೋ ಕೆಳದರ್ಜೆಯ ಟೀಮಿನ ಕೈಲಿ ಸೋತ ಮಾರನೇ ದಿನ, ಸೀಸನ್ ಮುಗಿಸಿ ನಿವೃತ್ತನಾಗ್ತೀನಿ ಅಂದ. ಅದರ ಮಾರನೇ ದಿನವೇ ಹೊರಟ. ಎರಡನೇ ಇನ್ನಿಂಗ್ಸಿನಲ್ಲಿ ಗೆದ್ದಿದ್ದು 6, ಸೋತಿದ್ದು 32. ಆಮೇಲೆ ಬಂದ ಜಿಮ್ ಮೋರಾ, ನಾಲ್ಕು ವರ್ಷದಿಂದ ಕೋಚಿಂಗ್ ಕೆಲಸವಿಲ್ಲದೆ ಇದ್ದವನು, ಟೀಮನ್ನ ಎತ್ತಿ ನಿಲ್ಲಿಸಿಯೇಬಿಟ್ಟ. 2024ರಲ್ಲಿ ಬಾಸ್ಟನ್ನಿನ ಫೆನ್‌ವೇಯಲ್ಲಿ ನಾರ್ತ್ ಕ್ಯಾರೊಲಿನಾವನ್ನ ಸೋಲಿಸಿದರು, ರಾಯರು ಚಳಿಯಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಹೋಗಿದ್ದರಂತೆ. 2025ರಲ್ಲೂ 9 ಪಂದ್ಯ ಗೆದ್ದರು.

"ಸರಿ, ಮೋರಾ ಈಗೆಲ್ಲಿ?"

"ಕೊಲರಾಡೊ ಸ್ಟೇಟ್ ಕರೆದುಕೊಂಡು ಹೋಯ್ತು."

ಸೋತವನನ್ನ ಕಳಿಸಲು ದುಡ್ಡು ಕೊಡಬೇಕು, ಗೆದ್ದವನನ್ನ ಉಳಿಸಿಕೊಳ್ಳಲು ದುಡ್ಡಿಲ್ಲ. ಬಂದವನು ಟೊಲೆಡೊದ ಜೇಸನ್ ಕ್ಯಾಂಡಲ್. ರಾಯರು ಬೆರಳಲ್ಲಿ ಮೂಗಿನ ತುದಿ ಒರೆಸಿಕೊಂಡು ಕೇಳಿದರು:

"ನೀವು ಬ್ಯಾಂಕಿನವರು, ಹೇಳಿ. ಈ ಮನುಷ್ಯನ ಮೇಲೆ ನೀವಾದರೆ ಸಾಲ ಸ್ಯಾಂಕ್ಷನ್ ಮಾಡ್ತಿದ್ರಾ?"

"ಮನುಷ್ಯನ ಮೇಲೆ ಮಾಡ್ತಿದ್ದೆ. ಕರಾರು ಓದಿದ ಮೇಲೆ ಮಾಡ್ತಿರಲಿಲ್ಲ."

ಒಳಗಿಂದ ನಮ್ಮವಳು ದೋಸೆ ಆರುತ್ತಿದೆ ಅಂತ ಕೂಗಿದಳು. ರಾಯರು ಸೆಪ್ಟೆಂಬರಿನಲ್ಲಿ ಒಂದು ಪಂದ್ಯಕ್ಕೆ ಜೊತೆಗೆ ಬನ್ನಿ, ಪಕ್ಕದ ಸೀಟು ಖಾಲಿಯೇ ಇರುತ್ತೆ ಅಂದರು. ಅಷ್ಟು ಹೊತ್ತಿಗೆ ನನ್ನ ಆರು ತಿಂಗಳು ಮುಗಿದು ಮೈಸೂರಿಗೆ ವಾಪಸ್ಸಾಗಿರ್ತೀನಿ ಅಂದೆ.

"ಹಾಗಾದರೆ ವಾಟ್ಸಾಪ್ ಮಾಡ್ತೀನಿ."

"ಸ್ಕೋರಾ?"

"ಸ್ಕೋರ್ ಆಮೇಲೆ. ಮೊದಲ ಪಾಯಿಂಟ್ ಯಾರು ಹೊಡೆದರು ಅಂತ."